ಬೆರಳು ಕೊಯ್ದರೆ ಹತ್ತು ನಿಮಿಷ ಇಣುಕಬೇಡಿ

ಈಳಿಗೆಯಲ್ಲಿ ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿರಿ. ಮೊದಲು ನಲ್ಲಿ ನೀರಿನಲ್ಲಿ ತೊಳೆಯಿರಿ. ಕಾಫಿಪುಡಿ ಮೆತ್ತಬೇಡಿ, ಗಾಯಕ್ಕೆ ಕೊಳೆ ಸೇರುತ್ತದೆ ಅಷ್ಟೇ. ಒಗೆದ ಬಟ್ಟೆ ಮಡಿಸಿ ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ. ಗಡಿಯಾರ ನೋಡಿಕೊಂಡು 10 ನಿಮಿಷ.

ಕಷ್ಟ ಇರುವುದು ಇಲ್ಲೇ. ನಿಂತಿತಾ ಅಂತ ಮತ್ತೆ ಮತ್ತೆ ಬಟ್ಟೆ ಎತ್ತಿ ನೋಡುವ ಚಟ ನಮಗೆಲ್ಲ ಇದೆ, ಅಲ್ವಾ? ಒಳಗೆ ಏನಾಗುತ್ತಿದೆ ನೋಡಿ. ಕೊಯ್ದ ರಕ್ತನಾಳ ಮೊದಲು ಮುದುಡಿಕೊಳ್ಳುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಬಂದು ಸೀಳಿಗೆ ಅಂಟಿ, ಒಂದಕ್ಕೊಂದು ಕಚ್ಚಿಕೊಂಡು ಬಿರಡೆಯಾಗುತ್ತವೆ. ಆದರೆ ಈ ಬಿರಡೆ ಸಡಿಲ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಥ್ರಾಂಬಿನ್ ಎಂಬ ಕಿಣ್ವವು ಫೈಬ್ರಿನ್ ಎಂಬ ನಾರಾಗಿಸುತ್ತದೆ. ಆ ನಾರಿನ ಬಲೆ ಬಿರಡೆಯನ್ನು ಬಿಗಿಯುತ್ತದೆ. ನಡುವೆ ಬಟ್ಟೆ ಎತ್ತಿದರೆ ಬಲೆ ಹರಿದು ಕೆಲಸ ಮತ್ತೆ ಮೊದಲಿನಿಂದ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ಒತ್ತಿಯೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಜಾಸ್ತಿ ಹೊತ್ತು ಬೇಕಾಗಬಹುದು.

ಥ್ರಾಂಬಿನ್ ಸುಮ್ನೆ ಹುಟ್ಟುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಂಬ ಅಂಶಗಳು ಒಂದು ಇನ್ನೊಂದನ್ನು ಎಬ್ಬಿಸುತ್ತಾ ಹೋಗಬೇಕು. ಇವಕ್ಕೆ 13ರವರೆಗೆ ನಂಬರ್ ಇದೆ, 6 ಮಾತ್ರ ಇಲ್ಲ! 8ನೆಯದು ಕಡಿಮೆಯಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎ ಎಂಬ ಕಾಯಿಲೆ, 9ನೆಯದಾದರೆ ಹಿಮೋಫಿಲಿಯಾ ಬಿ. ಈ ಕಾಯಿಲೆ ಇರುವವರಿಗೆ ಸಣ್ಣ ಗೀರು ಅಷ್ಟು ದೊಡ್ಡ ಸಮಸ್ಯೆಯಲ್ಲ, ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತವೆ. ಕಾಡುವುದು ಮೊಣಕಾಲಿನಂಥ ಕೀಲುಗಳೊಳಗಿನ ರಕ್ತಸ್ರಾವ. ಕೊರತೆಯಾದ ಫ್ಯಾಕ್ಟರನ್ನು ಇಂಜೆಕ್ಷನ್ ಮೂಲಕ ಕೊಡುತ್ತಾರೆ.

ಇದರ ಉಲ್ಟಾ ಕೂಡ ಉಂಟು. ತುಂಬ ದಿನ ಹಾಸಿಗೆ ಹಿಡಿದವರ ಕಾಲಿನ ರಕ್ತನಾಳದಲ್ಲಿ ಗಾಯವೇ ಇಲ್ಲದೆ ರಕ್ತ ಹೆಪ್ಪುಗಟ್ಟಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ನಮ್ಮ ಗದ್ದೆ ಬದುಗಳಲ್ಲಿ ಇನ್ನೊಬ್ಬ ಕಳ್ಳನಿದ್ದಾನೆ, ಕೊಳಕುಮಂಡಲ ಹಾವು. ಅದರ ವಿಷ ಹೆಪ್ಪುಗಟ್ಟುವ ಸಾಮಗ್ರಿಯನ್ನೆಲ್ಲ ಒಳಗೇ ಖರ್ಚು ಮಾಡಿಸಿಬಿಡುತ್ತದೆ. ಆಮೇಲೆ ವಸಡಿನಲ್ಲೂ ರಕ್ತ ಬರಬಹುದು. ಹಾವು ಕಚ್ಚಿದರೆ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ವಿಷ ಕೆಲಸ ಮಾಡುತ್ತಿದೆ ಅಂತ ಲೆಕ್ಕ, ವಿಷಕ್ಕೆ ಮದ್ದಾದ ಆ್ಯಂಟಿವೆನಮ್ ಶುರು. ಆ ಟ್ಯೂಬನ್ನೂ ನಡುವೆ ಎತ್ತಿ ನೋಡುವಂತಿಲ್ಲ.