ಏರ್ ರೈಫಲ್‌ಗೆ ಎಣ್ಣೆ: ಎಲ್ಲಿ ಹಾಕಬೇಕು, ಎಲ್ಲಿ ಹಾಕಲೇಬಾರದು

ಮೊದಲ ಏರ್ ರೈಫಲ್ ತಂದ ವಾರವೇ ನನಗೆ ಅದಕ್ಕೆ ಎಣ್ಣೆ ಹಾಕುವ ಉಮೇದು ಬಂತು. ಕೈಗೆ ಸಿಕ್ಕಿದ್ದು ಹೊಲಿಗೆ ಮೆಷಿನ್ ಎಣ್ಣೆ. ನಳಿಗೆ ಬಗ್ಗಿಸಿದರೆ ಒಳಗಡೆ ಒಂದು ಸಣ್ಣ ತೂತು ಕಾಣುತ್ತದಲ್ಲ, ಅದರೊಳಕ್ಕೆ ಏಳೆಂಟು ಹನಿ ಬಿಟ್ಟೆ. ಆಮೇಲೆ ಹೊಡೆದರೆ ಯಾವಾಗಲೂ ಬರುವ ಫಟ್ ಬದಲು ಢಂ ಎಂದಿತು. ನಳಿಗೆಯ ತುದಿಯಲ್ಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಗನ್ನಿಗೆ ಬಲ ಬಂತು ಅಂತ ಖುಷಿಪಟ್ಟು ಇನ್ನೂ ಹೊಡೆದೆ. ಕೆಲವೇ ದಿನಗಳಲ್ಲಿ ಪಿಸ್ಟನ್ ಸೀಲ್, ಅಂದರೆ ಗಾಳಿ ಸೋರದಂತೆ ಪಿಸ್ಟನ್ ತುದಿಯಲ್ಲಿರುವ ವಾಷರ್, ಸುಟ್ಟು ಅಂಚೆಲ್ಲ ಹರಿದುಹೋಗಿತ್ತು. ಪೆಲೆಟ್ (ಇದರ ಸಣ್ಣ ಗುಂಡು) ಕಾರ್ಡ್‌ಬೋರ್ಡ್ ಪೆಟ್ಟಿಗೆಯನ್ನೂ ತೂರುತ್ತಿರಲಿಲ್ಲ.

ಆಗಿದ್ದು ಇಷ್ಟೇ. ಟ್ರಿಗರ್ ಎಳೆದಾಗ ಒಳಗಿನ ಸ್ಪ್ರಿಂಗ್ ತಳ್ಳಿ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಆ ಒಂದು ಕ್ಷಣ ಗಾಳಿ ನೂರಾರು ಡಿಗ್ರಿ ಕಾಯುತ್ತದೆ. ಅಲ್ಲಿ ಪೆಟ್ರೋಲಿಯಂ ಎಣ್ಣೆ ಇದ್ದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಸ್ಪಾರ್ಕ್ ಪ್ಲಗ್ ಇಲ್ಲದೆ ಓಡುವುದೂ ಇದೇ ಲೆಕ್ಕದಲ್ಲಿ. ಅದಕ್ಕೇ ಇದನ್ನು ಡೀಸೆಲಿಂಗ್ ಅನ್ನುತ್ತಾರೆ. ಹೊಸ ಗನ್ನು ಮೊದಲ ಕೆಲವು ಡಜನ್ ಹೊಡೆತಗಳಲ್ಲಿ ಸ್ವಲ್ಪ ಹೊಗೆ ಬಿಟ್ಟರೆ ಗಾಬರಿ ಬೇಡ. ಅದು ಫ್ಯಾಕ್ಟರಿಯ ಎಣ್ಣೆ, ತಾನೇ ಮುಗಿಯುತ್ತದೆ. ಆದರೆ ಪ್ರತಿ ಸಲವೂ ಢಂ ಅನ್ನುತ್ತಿದ್ದರೆ ನಿಲ್ಲಿಸಿ. ಸೀಲ್ ಅಷ್ಟೇ ಅಲ್ಲ, ಸ್ಪ್ರಿಂಗೂ ಮುರಿಯಬಹುದು.

ಹಾಗಾಗಿ ನನ್ನ ಲೆಕ್ಕ ಸರಳ: ಗಾಳಿ ಒತ್ತುವ ಜಾಗ ಬೇರೆ, ಲೋಹಕ್ಕೆ ಲೋಹ ಉಜ್ಜುವ ಜಾಗ ಬೇರೆ. ಎರಡಕ್ಕೂ ಒಂದೇ ಡಬ್ಬಿ ನಡೆಯುವುದಿಲ್ಲ. ಕೈಗೆ ಸಿಕ್ಕ ಸ್ಪ್ರೇ ಅಂತೂ ಒಳಗೆ ಹೊಡೆಯಲೇಬೇಡಿ.

ಗಾಳಿ ಒತ್ತುವ ಜಾಗಕ್ಕೆ ಸಿಲಿಕೋನ್ ಚೇಂಬರ್ ಎಣ್ಣೆ. ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಎಷ್ಟು ಬೇಕು ಅನ್ನುವುದು ಸೀಲ್ ಯಾವುದು ಅನ್ನುವುದರ ಮೇಲೆ. ಈಗಿನ ಗನ್‌ಗಳಲ್ಲಿ ಹೆಚ್ಚಾಗಿ ಸಿಂಥೆಟಿಕ್ ಸೀಲ್ ಇರುತ್ತದೆ. ಕಾಕ್ ಮಾಡುವಾಗ, ಅಂದರೆ ನಳಿಗೆ ಬಗ್ಗಿಸಿ ಹೊಡೆಯಲು ಸಿದ್ಧ ಮಾಡುವಾಗ, ಒಳಗಿಂದ ಕೀಚ್ ಅನ್ನುವವರೆಗೆ ಅದನ್ನು ಮುಟ್ಟಬೇಡಿ. ಕೀಚ್ ಅಂದರೆ ಒಂದು ಹನಿ, ಒಂದೇ ಹನಿ, ಆ ಸಣ್ಣ ತೂತಿಗೆ. ಆಮೇಲೆ ಗನ್ನನ್ನು ಕೆಲವು ಗಂಟೆ ಹಾಗೇ ಬಿಡಿ.

ಹಳೆಯ ಗನ್‌ಗಳ ಚರ್ಮದ ವಾಷರ್ ಕಥೆಯೇ ಬೇರೆ. ಒಣಗಿದರೆ ಅದು ಸುರುಟಿಕೊಂಡು ಗಾಳಿ ಬಿಡುತ್ತದೆ. ನನ್ನ ಹತ್ತಿರ ಅಂಥದ್ದೊಂದಿದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತಿದ್ದರೆ ಮೂರ್ನಾಲ್ಕು ಹನಿ ಬಿಟ್ಟು, ನಳಿಗೆ ಮೇಲೆ ಮಾಡಿ ರಾತ್ರಿಯಿಡೀ ಗೋಡೆಗೆ ಒರಗಿಸುತ್ತೇನೆ. ಎಣ್ಣೆ ಇಳಿದು ಚರ್ಮ ನೆನೆಯಬೇಕು. ಬೆಳಗ್ಗೆ ಹೊಡೆದರೆ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ.

ಇನ್ನು ಉಜ್ಜುವ ಜಾಗಗಳು: ನಳಿಗೆ ಬಗ್ಗುವ ಕೀಲು, ಕಾಕಿಂಗ್ ಲಿಂಕ್ (ನಳಿಗೆ ಬಗ್ಗಿಸಿದಾಗ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವ ಸರಳು), ಅದು ಜಾರುವ ಸೀಳು. ಇಲ್ಲಿ ಸಿಲಿಕೋನ್ ಎಣ್ಣೆ ಉಪಯೋಗವಿಲ್ಲ. ಅಷ್ಟು ಒತ್ತಡಕ್ಕೆ ಅದು ತಾಳುವುದಿಲ್ಲ, ಲೋಹ ಕಚ್ಚಿಕೊಳ್ಳುತ್ತದೆ. ಮಾಲಿಬ್ಡಿನಂ ಪೇಸ್ಟ್ ಬೇಕು, ಬಳಕೆಯಲ್ಲಿ ಎಲ್ಲರೂ ಮಾಲಿ ಅನ್ನುತ್ತಾರೆ. ಕಪ್ಪಗೆ, ಬೆರಳಿಗೆ ಹತ್ತಿದರೆ ಎರಡು ದಿನ ಹೋಗಲ್ಲ. ಹಳೆಯ ಕೊಳೆಯನ್ನು ಒರೆಸಿ ತೆಗೆದು, ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತಗೊಂಡು ಕೀಲಿನ ಎರಡೂ ಬದಿಗೆ ಸವರಿ. ನಳಿಗೆಯನ್ನು ನಾಲ್ಕೈದು ಸಲ ಅರ್ಧಕ್ಕೆ ಬಗ್ಗಿಸಿ, ಕೈ ಬಿಡದೆ ನಿಧಾನಕ್ಕೆ ವಾಪಸ್ ತನ್ನಿ, ಹೊರಬಂದ ಮಾಲಿಯನ್ನು ಒರೆಸಿ. ಕರಕರ ಅನ್ನುತ್ತಿದ್ದ ಕೀಲು ಬೆಣ್ಣೆಯಂತೆ ಆಗುತ್ತದೆ. ಟ್ರಿಗರ್ ಒಳಗೆ ಮಾತ್ರ ಎಣ್ಣೆ ಸುರಿಯಬೇಡಿ. ಧೂಳು ಹಿಡಿಯುತ್ತದೆ, ಅದು ಆಟ ಆಡುವ ಜಾಗವಲ್ಲ.

ಹೊಡೆದಾಗ ಒಳಗೆ ಟೊಂಯ್ ಅಂತ ಸ್ಪ್ರಿಂಗ್ ನಡುಗಿದರೆ ಅಂಟಂಟಾದ ದಪ್ಪ ಗ್ರೀಸ್ ಸವರಿ ಅದನ್ನು ತಗ್ಗಿಸಬಹುದು. ಜಾಸ್ತಿಯಾದರೆ ವೇಗ ಇಳಿಯುತ್ತದೆ. ಇದಕ್ಕೆ ಗನ್ ಬಿಚ್ಚಬೇಕು, ಮತ್ತು ಸ್ಪ್ರಿಂಗ್ ಕಾಕ್ ಮಾಡದಿದ್ದಾಗಲೂ ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ, ಸ್ಪ್ರಿಂಗ್ ಕಂಪ್ರೆಸರ್, ಇಲ್ಲದೆ ಬಿಚ್ಚಿದರೆ ಹಿಂದಿನ ಬಿಲ್ಲೆ ಮುಖಕ್ಕೇ ಹಾರಬಹುದು. ಕಂಪ್ರೆಸರ್ ಇಲ್ಲವೇ? ಬಲ್ಲವರಿಗೆ ಕೊಡಿ. ನಾನೂ ಕೊಡುತ್ತೇನೆ, ನಾಚಿಕೆ ಏನಿಲ್ಲ. ಕಾಕ್ ಮಾಡುವಾಗ ಗರಗರ ಅಂದು, ಬಲವೂ ಇಳಿದಿದ್ದರೆ ಸ್ಪ್ರಿಂಗ್ ಮುರಿದಿರಬಹುದು. ಮುರಿದರೂ ಗನ್ ಹೊಡೆಯುತ್ತಲೇ ಇರುತ್ತದೆ, ಮೋಸಹೋಗಬೇಡಿ.

ಗ್ಯಾಸ್ ಪಿಸ್ಟನ್ ಗನ್‌ನಲ್ಲಿ ಸ್ಪ್ರಿಂಗ್ ಬದಲು ಮುಚ್ಚಿದ ಸಿಲಿಂಡರ್ ಇರುತ್ತದೆ. ಒಳಗೆ ಸಾಮಾನ್ಯವಾಗಿ ನೈಟ್ರೋಜನ್. ಟೊಂಯ್ ಇಲ್ಲ, ಸ್ಪ್ರಿಂಗ್ ಗ್ರೀಸ್ ಬೇಕಿಲ್ಲ. ಇದರಿಂದ ಕೆಲವರು ಇದಕ್ಕೆ ಏನೂ ಬೇಡ ಅಂದುಕೊಳ್ಳುತ್ತಾರೆ. ಹಾಗಲ್ಲ. ಪಿಸ್ಟನ್ ಸೀಲ್ ಅದೇ, ಕೀಲು ಅದೇ, ಡೀಸೆಲಿಂಗ್ ಭಯವೂ ಅದೇ. ಆ ಸಿಲಿಂಡರನ್ನು ಮಾತ್ರ ಕೊರೆಯಬೇಡಿ, ಬಿಚ್ಚಬೇಡಿ, ಅದರಲ್ಲಿ ಒತ್ತಡ ಯಾವಾಗಲೂ ಇರುತ್ತದೆ.

ಎರಡೂ ಬಗೆಯ ಗನ್‌ಗೆ ಒಂದು ಮಾತು: ಪೆಲೆಟ್ ಇಲ್ಲದೆ ಸುಮ್ನೆ ಹೊಡೆಯಬೇಡಿ. ಮುಂದೆ ಗಾಳಿಯ ತಡೆ ಇಲ್ಲದೆ ಪಿಸ್ಟನ್ ನೇರ ಹೋಗಿ ಒಳಗಿನ ಮುಂದಿನ ಗೋಡೆಗೆ ಗುದ್ದುತ್ತದೆ. ಪೆಲೆಟ್ ಇಡುವಾಗ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ. ಅಕಸ್ಮಾತ್ ಪಿಸ್ಟನ್ನನ್ನು ಹಿಡಿದಿಟ್ಟ ಕೊಕ್ಕೆ ಜಾರಿದರೆ ಬೆರಳು ಉಳಿಯಬೇಕಲ್ವಾ?

ಬಲ ಇಳಿದಾಗ ಎಲ್ಲರೂ ಮೊದಲು ಪಿಸ್ಟನ್ ಸೀಲನ್ನೇ ಬೈಯುತ್ತಾರೆ. ನಾನು ಮೊದಲು ನೋಡುವುದು ನಳಿಗೆ ಕೂಡುವ ಜಾಗದ ಸಣ್ಣ ರಿಂಗನ್ನು. ಟಿಶ್ಯೂ ಪೇಪರಿನ ಒಂದು ಚೂರನ್ನು ಆ ಜೋಡಣೆಯ ಮೇಲೆ ಇಟ್ಟು, ಪೆಲೆಟ್ ಹಾಕಿ, ಗುರಿಯ ಹಿಂದೆ ಗಟ್ಟಿ ತಡೆ ಇರುವ ಕಡೆ ಹೊಡೆಯಿರಿ. ಪೇಪರ್ ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ. ರಿಂಗ್ ಬದಲಿಸಿದರೆ ಸಾಕು.

ಗುರಿ ತಪ್ಪುತ್ತಿದ್ದರೆ ಎಣ್ಣೆ ಡಬ್ಬಿ ಆಮೇಲೆ, ಮೊದಲು ಸ್ಕ್ರೂ ಡ್ರೈವರ್. ಈ ಗನ್‌ಗಳು ಹಿಂದಕ್ಕೂ ಮುಂದಕ್ಕೂ ಕುಲುಕುವುದರಿಂದ ಹಿಡಿಯ ಸ್ಕ್ರೂಗಳು ಸಡಿಲವಾಗುತ್ತವೆ. ನಳಿಗೆಯ ಒಳಗನ್ನು ಗುರಿ ಕೆಟ್ಟಾಗಷ್ಟೇ ಒಣ ಬಟ್ಟೆಯಿಂದ, ಹಿಂಬದಿಯಿಂದ ಎಳೆದು ಒರೆಸಿ. ಆಮೇಲಿನ ಹತ್ತಿಪ್ಪತ್ತು ಹೊಡೆತ ಅತ್ತಿತ್ತ ಹೋಗಬಹುದು, ಸರಿಹೋಗುತ್ತದೆ.

ಎತ್ತಿಡುವಾಗ ಗನ್ ಖಾಲಿ ಇರಲಿ, ಕಾಕ್ ಆಗಿರದಿರಲಿ. ಕೈ ಬೆವರಿನ ಗುರುತು ಬಿದ್ದ ಲೋಹವನ್ನು ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ. ಆ ಬಟ್ಟೆಗೆ ನಾನು ಹಾಕುವುದು ಅದೇ ಹಳೆಯ ಹೊಲಿಗೆ ಮೆಷಿನ್ ಎಣ್ಣೆ. ಹೊರಮೈಗೆ ಅದು ಚೆನ್ನಾಗೇ ಇದೆ.