ಕಣ ಮಾದರಿನ ಗಿಣಿಪಾಠ ಮಾಡ್ದೇ ಕಲಿಯೋದು ಹೇಗೆ

ಎಲ್ಲ ವಸ್ತುನೂ ಪುಟಾಣಿ ಕಣಗಳಿಂದ ಆಗಿದೆ ಅನ್ನೋದೇ ಕಣ ಮಾದರಿ. ಘನ, ದ್ರವ, ಅನಿಲ ಅಂತ ಮೂರು ಚೌಕ ಎಳ್ದು ಒಳಗೆ ಕಣಗಳಿಗೆ ಅಂತ ಚುಕ್ಕಿ ಇಡೋದು ಎಲ್ರಿಗೂ ಬರತ್ತೆ. ಆದ್ರೆ ಪರೀಕ್ಷೇಲಿ ಸ್ವಲ್ಪ ತಿರುಚಿ, ಬಿಸಿಲಲ್ಲಿ ನಿಂತ ಗಾಡಿ ಟೈರಲ್ಲಿ ಒತ್ತಡ ಯಾಕೆ ಜಾಸ್ತಿ ಆಗತ್ತೆ ಅಂತ ಕೇಳಿದ್ರೆ ಸುಮಾರು ಮಕ್ಕಳು "ಕಣಗಳು ಬಿಸಿಯಾಗಿ ಉಬ್ಬುತ್ವೆ" ಅಂತ ಬರ್ದು ಬರ್ತಾರೆ, ಅಲ್ಲಿಗೆ ಮಾರ್ಕ್ಸ್ ಹೋಯ್ತು. ಚುಕ್ಕಿ ಚಿತ್ರನ ಅಲಂಕಾರಕ್ಕೆ ಬಿಡಿಸಿ ಉತ್ತರನ ಬೇರೆ ಎಲ್ಲಿಂದಲೋ ಬಾಯಿಪಾಠದಿಂದ ಎತ್ಕೊಂಡು ಬರೋದೇ ಇಲ್ಲಿ ಎಡವಟ್ಟು. ಉತ್ತರ ಚಿತ್ರದೊಳಗೇ ಇರತ್ತೆ, ಚಿತ್ರ ಸರಿಯಾಗಿರ್ಬೇಕು ಅಷ್ಟೇ.

ಹಾಗಾಗಿ ಮೊದಲ್ನೇ ಕೆಲಸ ಚಿತ್ರ ಸರಿ ಮಾಡ್ಕೊಳ್ಳೋದು. ಮೂರು ಚೌಕದಲ್ಲೂ ವೃತ್ತ ಒಂದೇ ಸೈಜ್ ಇರ್ಲಿ, ಅನಿಲದಲ್ಲಿ ದೊಡ್ಡದು ಘನದಲ್ಲಿ ಚಿಕ್ಕದು ಅಂತೆಲ್ಲ ಮಾಡ್ಬೇಡಿ. ಘನದಲ್ಲಿ ಸಾಲಾಗಿ, ಒಂದಕ್ಕೊಂದು ಅಂಟ್ಕೊಂಡು. ದ್ರವದಲ್ಲೂ ಅಂಟ್ಕೊಂಡೇ ಇರ್ಬೇಕು, ಸಾಲು ಮಾತ್ರ ಕೆಟ್ಟಿರ್ಬೇಕು. ಎಲ್ರೂ ತಪ್ಪು ಮಾಡೋದು ಇಲ್ಲೇ, ಘನ ಹತ್ರ ಹತ್ರ, ಅನಿಲ ದೂರ ದೂರ, ಹಾಗಾದ್ರೆ ದ್ರವ ಮಧ್ಯದಲ್ಲಿ ಇರ್ಬೇಕಲ್ವಾ ಅಂತ ಅಂದ್ಕೊಂಡು ವೃತ್ತಗಳ ನಡುವೆ ಒಂದೊಂದು ಬೆರಳಷ್ಟು ಜಾಗ ಬಿಟ್ಬಿಡ್ತಾರೆ. ಹಂಗಿದ್ದಿದ್ರೆ ನೀರನ್ನ ಗಾಳಿ ಥರ ಅಮುಕಬಹುದಿತ್ತು.

ಅನಿಲದಲ್ಲಿ ಎಷ್ಟು ದೂರ ಅನ್ನೋದನ್ನ ಒಂದು ಸಣ್ಣ ಲೆಕ್ಕ ಹಾಕಿ ನೋಡಿ, ಮಜಾ ಇದೆ. 1 ಗ್ರಾಂ ನೀರು 1 ಘನ ಸೆಂಟಿಮೀಟರ್ ಜಾಗ ತಗೊಳತ್ತೆ, ಅದೇ 1 ಗ್ರಾಂ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಮೂಲಿ ವಾತಾವರಣದ ಒತ್ತಡದಲ್ಲಿ ಹಬೆ ಆದ್ರೆ ಸುಮಾರು 1,700 ಘನ ಸೆಂಟಿಮೀಟರ್. 12ನ್ನ 12ರಿಂದ ಗುಣಿಸಿ ಮತ್ತೆ 12ರಿಂದ ಗುಣಿಸಿದ್ರೆ 1,728, ಅಂದ್ರೆ ಪಕ್ಕದ ಕಣ ಮೊದ್ಲಿಗಿಂತ ಹೆಚ್ಚುಕಮ್ಮಿ 12 ಪಟ್ಟು ದೂರ ಹೋಗಿದೆ. ನೀವು 1 ಸೆಂಟಿಮೀಟರ್ ವೃತ್ತ ಬಿಡಿಸಿದ್ರೆ ಪಕ್ಕದ್ದು ಆಚೆ 12 ಸೆಂಟಿಮೀಟರ್ ದೂರದಲ್ಲಿರ್ಬೇಕು, ನೋಟ್‌ಬುಕ್ ಪುಟವೇ ಸಾಲಲ್ಲ! ಅದಕ್ಕೇ ಅನಿಲದ ಚೌಕದಲ್ಲಿ ಮೂರೋ ನಾಲ್ಕೋ ವೃತ್ತ ಇಟ್ಟು ನಿಲ್ಲಿಸಿಬಿಡಿ. ಉಳಿದ ಜಾಗದಲ್ಲಿ ಏನಿದೆ? ಏನೂ ಇಲ್ಲ. "ಕಣಗಳ ನಡುವೆ ಗಾಳಿ ಇದೆ" ಅಂತ ಬರಿಯೋರು ಇದಾರೆ, ಗಾಳಿನೇ ಕಣಗಳಿಂದ ಆಗಿರೋದು ಮಾರಾಯ್ರೇ, ಆ ಗಾಳಿ ಕಣಗಳ ನಡುವೆ ಮತ್ತೇನಿರತ್ತೆ?

ಚಿತ್ರ ಆಯ್ತಾ, ಇನ್ನು ಯಾವ ಪ್ರಶ್ನೆ ಬಂದ್ರೂ ಬರಿಯೋ ಮುಂಚೆ ಮೂರು ವಿಷಯ ಕೇಳ್ಕೊಳ್ಳಿ: ಕಣಗಳ ನಡುವೆ ದೂರ ಎಷ್ಟು, ಅವು ಓಡಾಡ್ತಿರೋದು ಹೇಗೆ, ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡ್ಕೊಂಡಿವೆ. ಇಷ್ಟರಲ್ಲೇ ಉತ್ತರ ಬರ್ಬೇಕು. ಕಣ ಉಬ್ಬಿತು, ಕಣ ಕರಗಿತು, ಕಣ ಮೆತ್ತಗಾಯ್ತು ಇವೆಲ್ಲ ನಿಷಿದ್ಧ. ಕಬ್ಬಿಣದ ಸರಳು ಬಿಸಿಗೆ ಉದ್ದ ಆಗೋದು ಕಣ ದಪ್ಪ ಆಗಿದ್ದಕ್ಕಲ್ಲ, ಜೋರಾಗಿ ನಡುಗ್ತಾ ನಡುವಿನ ದೂರ ಚೂರು ಜಾಸ್ತಿ ಆಗಿದ್ದಕ್ಕೆ. ಬಂಗಾರದ ಒಂದೇ ಒಂದು ಪರಮಾಣುಗೆ ಹಳದಿ ಬಣ್ಣ ಇರಲ್ಲ, ಹೊಳಪೂ ಇರಲ್ಲ, ಅವೆಲ್ಲ ಕೋಟಿಗಟ್ಟಲೆ ಸೇರಿದಾಗ ಬರೋ ಗುಣ.

ಈಗ ಸೂಜಿ ಇಲ್ಲದ ಒಂದು ಸಿರಿಂಜ್ ತಗೊಳ್ಳಿ. ಗಾಳಿ ಎಳ್ಕೊಂಡು ತುದಿನ ಬೆರಳಲ್ಲಿ ಬಿಗಿಯಾಗಿ ಮುಚ್ಚಿ ಒತ್ತಿ, ಒಳಗೆ ಹೋಗತ್ತೆ, ಬಿಟ್ರೆ ವಾಪಸ್ ಬರತ್ತೆ. ನೀರು ತುಂಬಿ (ಒಂದು ಗುಳ್ಳೆನೂ ಇರ್ಬಾರ್ದು) ಅದೇ ಥರ ಒತ್ತಿ, ಕಲ್ಲು ಒತ್ತಿದಂಗೆ. ಮೊದಲ್ನೇ ಪ್ರಶ್ನೆ ನೆನಪಿಸ್ಕೊಳ್ಳಿ, ದೂರ ಎಷ್ಟು, ಉತ್ತರ ಅಲ್ಲೇ ಇದೆ. ಹಾಗಂತ ನೀರಲ್ಲಿ ಜಾಗನೇ ಇಲ್ಲ ಅಂತಲ್ಲ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಎಥನಾಲ್ (ಒಂದು ಥರದ ಆಲ್ಕೋಹಾಲ್) ಸೇರಿಸಿದ್ರೆ 100 ಬರಲ್ಲ, 96–97ರ ಹತ್ರ ಬರತ್ತೆ. ಇದನ್ನ ಕಲ್ಲುಗಳ ಸಂದಿಗೆ ಮರಳು ಇಳಿದಂಗೆ ಅಂತ ಹೇಳ್ಕೊಡ್ತಾರೆ, ಪರವಾಗಿಲ್ಲ, ಆದ್ರೆ ಎರಡು ಥರದ ಅಣುಗಳು ಒಂದನ್ನೊಂದು ಎಳ್ಕೊಂಡು ಹತ್ರ ಕೂರೋದೂ ಇದರಲ್ಲಿ ಸೇರಿದೆ.

ಚಲನೆಗೆ ಇಂಕ್ ಸಾಕು. ಒಂದು ಲೋಟ ತಣ್ಣೀರು, ಒಂದು ಲೋಟ ಬಿಸಿನೀರು, ಎರಡನ್ನೂ ಸ್ವಲ್ಪ ಹೊತ್ತು ಅಲುಗಾಡದಂಗೆ ಬಿಟ್ಟು ಆಮೇಲೆ ಒಂದೊಂದು ಹನಿ ಇಂಕ್ ಬಿಡಿ, ಕಲಕಬೇಡಿ. ಬಿಸೀದ್ರಲ್ಲಿ ಬೇಗ ಹರಡತ್ತೆ, ಕಣಗಳ ಓಟ ಅಲ್ಲಿ ಜೋರು, ಇದೇ ವಿಸರಣೆ. ಇಲ್ಲೊಂದು ಜಾಣ ಪ್ರಶ್ನೆ ಬರತ್ತೆ: ರೂಮಿನ ಗಾಳಿಯಲ್ಲಿ ನೈಟ್ರೋಜನ್ ಅಣು ಸೆಕೆಂಡಿಗೆ ಸುಮಾರು 500 ಮೀಟರ್ ಓಡ್ತಿರತ್ತೆ, ಹಾಗಿದ್ರೆ ಮೂಲೇಲಿ ತೆರೆದ ಸೆಂಟ್ ವಾಸನೆ ತಕ್ಷಣ ಯಾಕೆ ಬರಲ್ಲ? ಯಾಕಂದ್ರೆ ಯಾವ ಅಣುನೂ ನೆಟ್ಟಗೆ ಓಡಕ್ಕಾಗಲ್ಲ, ಸೆಕೆಂಡಿಗೆ ನೂರಾರು ಕೋಟಿ ಸಲ ಪಕ್ಕದವಕ್ಕೆ ಡಿಕ್ಕಿ ಹೊಡೀತಾ ದಿಕ್ಕು ಬದಲಾಯಿಸ್ತಾ ಹೋಗತ್ತೆ. ನಿಜ ಹೇಳ್ಬೇಕಂದ್ರೆ ರೂಮಲ್ಲಿ ವಾಸನೆನ ಹೆಚ್ಚಾಗಿ ಹೊತ್ತು ತರೋದು ಗಾಳಿಯ ಸುಳಿನೇ, ಬರೀ ವಿಸರಣೆನ ನಂಬ್ಕೊಂಡು ಕೂತ್ರೆ ತುಂಬಾ ಹೊತ್ತು ಕಾಯ್ಬೇಕು.

ಕಣಗಳು ನಿಜವಾಗ್ಲೂ ಓಡಾಡ್ತಾವಾ ಅನ್ನೋದಕ್ಕೆ ಸಾಕ್ಷಿ ಬ್ರೌನಿಯನ್ ಚಲನೆ. 1827ರಲ್ಲಿ ರಾಬರ್ಟ್ ಬ್ರೌನ್ ಪರಾಗದಿಂದ ಬಂದ ಪುಟಾಣಿ ಚೂರುಗಳು ನೀರಲ್ಲಿ ಸುಮ್ನೆ ನಿಲ್ದೇ ಅತ್ತಿತ್ತ ನಡುಗ್ತಾ ಇರೋದನ್ನ ಮೈಕ್ರೋಸ್ಕೋಪಲ್ಲಿ ನೋಡಿದ್ರು, ಜೀವ ಇಲ್ಲದ ಧೂಳೂ ಹಂಗೇ ಆಡ್ತು. ಸುತ್ತಲಿನ ನೀರಿನ ಅಣುಗಳು ಗುದ್ದೋದ್ರಿಂದ ಹೀಗಾಗತ್ತೆ ಅಂತ 1905ರಲ್ಲಿ ಐನ್‌ಸ್ಟೈನ್ ಇದಕ್ಕೆ ಲೆಕ್ಕ ಕೊಟ್ರು, ಜೀನ್ ಪೆರಿನ್ ಅಳೆದು ಖಚಿತ ಮಾಡಿದ್ರು, ಅವ್ರಿಗೆ 1926ರಲ್ಲಿ ನೊಬೆಲ್ ಬಂತು. ಉತ್ತರ ಬರಿಯೋವಾಗ ಒಂದು ಎಚ್ಚರ ಇರ್ಲಿ, ಕಣ್ಣಿಗೆ ಕಂಡಿದ್ದು ಧೂಳು ಅಥವಾ ಹೊಗೆಯ ಚೂರು, ಅದಕ್ಕೆ ಗುದ್ದೋ ಅಣುಗಳು ಕಾಣಲ್ಲ. "ಅಣುಗಳು ಓಡಾಡೋದು ಕಾಣಿಸ್ತು" ಅಂದ್ರೆ ತಪ್ಪು.

ಇನ್ನು ಟೈರ್. ಸರಪಳಿ ಥರ ಬರೀರಿ: ಬಿಸಿ ಏರಿತು, ಕಣಗಳ ವೇಗ ಏರಿತು, ಗೋಡೆಗೆ ಮೊದ್ಲಿಗಿಂತ ಪದೇ ಪದೇ ಬಡಿತಾವೆ, ಪ್ರತಿ ಬಡಿತನೂ ಜೋರು, ಹಾಗಾಗಿ ಒತ್ತಡ ಏರಿತು. ಪದೇ ಪದೇ ಮತ್ತು ಜೋರು, ಎರಡೂ ಬೇಕು, ಒಂದು ಬಿಟ್ರೆ ಅರ್ಧ ಉತ್ತರ. ಟೈರಿನ ಗಾತ್ರ ಬದಲಾಗಿಲ್ಲ ಅಂತ ಒಂದು ಮಾತು ಸೇರಿಸಿ. ಲೆಕ್ಕ ಕೇಳಿದ್ರೆ ಸೆಲ್ಸಿಯಸ್ ಹಾಕ್ಬೇಡಿ. 27 ಡಿಗ್ರಿಯಿಂದ 54ಕ್ಕೆ ಹೋದ್ರೆ ಒತ್ತಡ ಡಬಲ್ ಆಗಲ್ಲ, ಕೆಲ್ವಿನ್ನಲ್ಲಿ (ಸೆಲ್ಸಿಯಸ್‌ಗೆ 273 ಸೇರಿಸಿದ್ರೆ ಬರೋ ಅಳತೆ) ಅದು 300ರಿಂದ 327, ಅಂದ್ರೆ ಬರೀ ನೂರಕ್ಕೆ 9ರಷ್ಟು ಏರಿಕೆ. (ಟೈರಿನ ಮೀಟರ್ ತೋರ್ಸೋದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಂತ ಮಾತ್ರ, ಈ ಲೆಕ್ಕಕ್ಕೆ ಒಟ್ಟು ಒತ್ತಡ ಬೇಕು.)

ಎಲ್ಲಕ್ಕಿಂತ ತಲೆ ತಿನ್ನೋದು, ಬಿಸಿ ಕೊಡ್ತಾ ಹೋದಂಗೆ ತಾಪಮಾನ ಹೇಗೆ ಏರತ್ತೆ ಅಂತ ತೋರ್ಸೋ ಗ್ರಾಫಲ್ಲಿ ಬರೋ ಆ ಚಪ್ಪಟೆ ಗೆರೆ. ಮಂಜುಗಡ್ಡೆಗೆ ಬಿಸಿ ಕೊಡ್ತಾನೇ ಇದೀವಿ, ಥರ್ಮಾಮೀಟರ್ 0 ಬಿಟ್ಟು ಕದಲಲ್ಲ, ಕೊಟ್ಟಿದ್ದು ಎಲ್ಲಿಗೆ ಹೋಯ್ತು? ಮೂರನೇ ಪ್ರಶ್ನೆಗೆ ಹೋಗಿ, ಹಿಡಿತ. ತಾಪಮಾನ ತೋರ್ಸೋದು ಕಣಗಳ ಸರಾಸರಿ ಚಲನಶಕ್ತಿನ, ಕರಗೋವಾಗ ಕೊಟ್ಟ ಶಕ್ತಿ ಎಲ್ಲ ಹಿಡಿತ ಬಿಡಿಸೋದಕ್ಕೆ ಖರ್ಚಾಗತ್ತೆ, ಓಟಕ್ಕೆ ಏನೂ ಉಳಿಯಲ್ಲ, ಹೆಚ್ಚಾಗೋದು ಪ್ರಚ್ಛನ್ನ ಶಕ್ತಿ, ಅಂದ್ರೆ ಕಣಗಳ ನಡುವಿನ ಎಳೆತದಿಂದಾಗಿ ಅಡಗಿರೋ ಶಕ್ತಿ. 1 ಕೆಜಿ ಮಂಜುಗಡ್ಡೆ ಕರಗಿಸೋಕೆ 3,34,000 ಜೂಲ್, ಆ ನೀರನ್ನ 0ಯಿಂದ 100ಕ್ಕೆ ಏರಿಸೋಕೆ ಸುಮಾರು 4,20,000, ಪೂರ್ತಿ ಹಬೆ ಮಾಡೋಕೆ 22,60,000 ಜೂಲ್. ಕೊನೇದು ಯಾಕೆ ಅಷ್ಟು ದೊಡ್ಡದು? ಮೇಲಿನ ಚಿತ್ರ ನೋಡಿ, ಕರಗೋವಾಗ ಸಾಲು ಮಾತ್ರ ಕೆಡತ್ತೆ, ಹಬೆ ಆಗೋವಾಗ ಪ್ರತಿ ಅಣುನೂ ಎಲ್ಲರ ಕೈ ಬಿಡಿಸ್ಕೊಂಡು 12 ಪಟ್ಟು ದೂರ ಹೋಗ್ಬೇಕು. 100 ಡಿಗ್ರಿ ನೀರಿಗಿಂತ 100 ಡಿಗ್ರಿ ಹಬೆ ಕೈ ಸುಡೋದು ಜಾಸ್ತಿ ಅನ್ನೋದೂ ಇದಕ್ಕೇ, ಚರ್ಮದ ಮೇಲೆ ನೀರಾಗ್ತಾ ಅಷ್ಟೂ ಶಕ್ತಿ ಅಲ್ಲೇ ಬಿಟ್ಟು ಹೋಗತ್ತೆ.

ಕುದಿಯೋ ನೀರಿನ ದೊಡ್ಡ ಗುಳ್ಳೇಲಿ ಇರೋದು ಹಬೆ, ಗಾಳಿ ಅಲ್ಲ, ಹೈಡ್ರೋಜನ್ ಅಂತೂ ಅಲ್ವೇ ಅಲ್ಲ. ಬಿಸಿ ಶುರುವಾದಾಗ ಪಾತ್ರೆ ಗೋಡೆಗೆ ಅಂಟೋ ಸಣ್ಣ ಗುಳ್ಳೆಗಳು ಮಾತ್ರ ನೀರಲ್ಲಿ ಕರಗಿದ್ದ ಗಾಳಿ.

ಮಾದರಿಯ ಮಿತಿಗಳು ಏನು ಅಂತ ಕೇಳಿದ್ರೆ ಕಣಗಳೆಲ್ಲ ಗಟ್ಟಿ ಗೋಲಿ ಥರ ತೋರ್ಸಿದೀವಿ, ನಡುವಿನ ಬಲ ತೋರ್ಸಿಲ್ಲ, ಅಳತೆನೂ ನಿಜದ್ದಲ್ಲ ಅಂತ ಬರೀರಿ. ಇದರ ಒಳ್ಳೇ ಉದಾಹರಣೆ ಮಂಜುಗಡ್ಡೆನೇ. ಗುಂಡಗಿರೋ ವೃತ್ತಗಳನ್ನ ಒತ್ತೊತ್ತಾಗಿ ಸಾಲಿಟ್ರೆ ಘನ ಯಾವಾಗ್ಲೂ ದ್ರವಕ್ಕಿಂತ ದಟ್ಟ ಆಗಿ ಮುಳುಗಬೇಕು, ಹೆಚ್ಚಿನ ವಸ್ತುಗಳಲ್ಲಿ ಆಗೋದೂ ಹಂಗೇ. ಮಂಜುಗಡ್ಡೆ ಸಾಂದ್ರತೆ ಘನ ಸೆಂಟಿಮೀಟರಿಗೆ 0.917 ಗ್ರಾಂ, ನೀರಿನದು 1 ಗ್ರಾಂ, ಹಾಗಾಗಿ ತೇಲತ್ತೆ. ಬಾಗಿದ ಆಕಾರದ ನೀರಿನ ಅಣುಗಳು ನಿರ್ದಿಷ್ಟ ದಿಕ್ಕಲ್ಲೇ ಒಂದನ್ನೊಂದು ಹಿಡ್ಕೊಂಡು ನಡುವೆ ಪೊಳ್ಳು ಬಿಟ್ಟು ಕೂರತ್ವೆ, ಇದು ವೃತ್ತ ಬಿಡಿಸಿದ್ರೆ ಕಾಣಲ್ಲ. ಅಣುಗೆ ಆಕಾರ ಕೊಟ್ಟು ಬಿಡಿಸ್ಬೇಕು, ಅದು ಕೆಮಿಸ್ಟ್ರಿ ನೋಟ್‌ಬುಕ್ಕಿನ ಕೆಲಸ.