ಡಿ ಡ್ರೈವ್ ಉಳಿಸಿಕೊಂಡು ವಿಂಡೋಸ್ 10 ಹಾಕಿದ್ದು

ಹಳೇ ಲ್ಯಾಪ್‌ಟಾಪ್, 500 ಜಿಬಿ ಡಿಸ್ಕ್, ಸಿ ಮತ್ತು ಡಿ ಎರಡು ಭಾಗ. ವಿಂಡೋಸ್ 10 ಹಾಕಲು ಹೋದರೆ ಡಿಸ್ಕ್ ಎಂಬಿಆರ್ (ಡಿಸ್ಕ್ ಭಾಗಗಳ ಪಟ್ಟಿ ಇಡುವ ಹಳೇ ವಿಧಾನ) ಇದೆ, ಜಿಪಿಟಿ (ಅದರ ಹೊಸ ವಿಧಾನ) ಬೇಕು ಅಂತ ತಕರಾರು; ನೆಕ್ಸ್ಟ್ ಬಟನ್ ಮಂಕಾಗಿಯೇ ಇತ್ತು. ಸಿ ಫಾರ್ಮ್ಯಾಟ್ ಮಾಡಿದೆ, ಆಗಲಿಲ್ಲ. ವಿಂಡೋಸ್ ಇರುವ ಬೇರೆ ಪೆನ್‌ಡ್ರೈವ್ ಹಾಕಿದೆ, ಅದೇ ಹಾಡು. ಡಿಸ್ಕ್‌ಪಾರ್ಟ್ ಅನ್ನೋ ವಿಂಡೋಸ್ ಕಮಾಂಡ್ ಟೂಲ್‌ನಲ್ಲಿ, ಡಿಸ್ಕ್ ಪೂರ್ತಿ ಖಾಲಿ ಮಾಡುವ ‘ಕ್ಲೀನ್’ ಕೊಡಿ ಅಂತಾರೆ. ಕೊಟ್ಟರೆ ಡಿ ಕೂಡ ಹೋಗುತ್ತೆ, ಕೊಡಬೇಡಿ.

ಕೊನೆಗೆ ಕೆಲಸ ಮಾಡಿದ್ದು ಇದು: ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ (ನಂಬಿಕಸ್ತ ಸಾಫ್ಟ್‌ವೇರ್‌ನಿಂದ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಡಿಸೇಬಲ್, ಸಿಎಸ್‌ಎಂ (ಹಳೇ ರೀತಿ ಬೂಟ್ ಆಗಲು ಬಿಡುವ ಆಯ್ಕೆ) ಎನೇಬಲ್, ಸೇವ್. ಮತ್ತೆ ಆನ್ ಮಾಡಿ ಬೂಟ್ ಮೆನು ತೆರೆದರೆ ಒಂದೇ ಪೆನ್‌ಡ್ರೈವ್ ಎರಡು ಸಾಲಲ್ಲಿ ಕಾಣುತ್ತೆ. ‘ಯುಇಎಫ್‌ಐ’ (ಹೊಸ ರೀತಿಯ ಬೂಟ್, ಜಿಪಿಟಿ ಕೇಳೋದು ಇದೇ) ಅಂತ ಶುರುವಾಗದ ಸಾಲನ್ನೇ ಆರಿಸಬೇಕು. ಆಮೇಲೆ ಯಾವ ಥರ ಇನ್‌ಸ್ಟಾಲ್ ಅಂತ ಕೇಳಿದಾಗ ಕಸ್ಟಮ್. ಅಲ್ಲಿ ಸಿ, ಡಿ ಅಕ್ಷರ ಇರಲ್ಲ, ಗಾತ್ರ ನೋಡಿಯೇ ಗುರುತಿಸಬೇಕು. ನನ್ನ ಸಿ 100 ಜಿಬಿ. ಅದನ್ನಷ್ಟೇ ಫಾರ್ಮ್ಯಾಟ್ ಮಾಡಿ ನೆಕ್ಸ್ಟ್ ಒತ್ತಿದೆ.